ಕಾರ್ಬೊರೇಟರ್ ಮೇಲೆ ಕೂತ ಗೂಬೆ

ಹಳೇ ಜಾವಾ ಸ್ಟಾರ್ಟ್ ಆಗದೆ ರಸ್ತೆ ಬದಿ ನಿಂತರೆ ಸುತ್ತ ಸೇರುವವರೆಲ್ಲ ಹೇಳುವ ಮಾತು ಒಂದೇ: "ಕಾರ್ಬೇಟರ್ ಬಿಚ್ಚಿ ಕ್ಲೀನ್ ಮಾಡ್ಸಿ." ಯಾಕೆ ಹೀಗೆ ಎಂಬುದು ನನಗೆ ಬಹಳ ದಿನದ ಕುತೂಹಲ. ನನಗೆ ತೋಚುವ ಕಾರಣ ಇಷ್ಟು. ಕಾರ್ಬೊರೇಟರ್ ಕೈಗೆ ಸಿಗುತ್ತದೆ, ಬಿಚ್ಚಲು ಬರುತ್ತದೆ, ಬಾಯಿಟ್ಟು ಊದಿದರೆ ಏನಾದರೂ ಕಸ ಹೊರಗೆ ಬರುತ್ತದೆ. ಕೆಲಸ ಆಯಿತು ಅನ್ನುವ ಸಮಾಧಾನ ಅಲ್ಲಿಗೆ ಗ್ಯಾರಂಟಿ. ಪ್ಲಗ್ಗಿಗೆ ಕಿಡಿ ಹಾರಲು ನೆರವಾಗುವ ಕಂಡೆನ್ಸರ್ ವಿಷಯದಲ್ಲಿ ಈ ಸುಖ ಇಲ್ಲ. ಅದು ಹೆಬ್ಬೆರಳಿಗಿಂತ ಚಿಕ್ಕ, ಸೀಲ್ ಮಾಡಿದ ಡಬ್ಬಿ. ಒಳಗೆ ಸತ್ತಿದ್ದರೂ ಹೊರಗಿನಿಂದ ಹೊಸದರಂತೆಯೇ ಹೊಳೆಯುತ್ತದೆ. ಕಾಣದ್ದನ್ನು ಬಿಟ್ಟು ಕಾಣುವುದರ ಮೇಲೆ ಗೂಬೆ ಕೂರಿಸುವುದು ಸುಲಭ.

ಮೈಸೂರಿನ ಒಂದು ಶೆಡ್ಡಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತು ನೋಡಿದ್ದನ್ನು ಆಗಾಗ ಬರೆದಿಟ್ಟ ಟಿಪ್ಪಣಿಗಳು ಇವು. ರಿಪೇರಿ ನನಗೆ ಬರುವುದಿಲ್ಲ. ಬರುವುದು ನೋಡುವುದು, ಮೇಸ್ತ್ರಿಗೆ ತಲೆನೋವು ಬರುವಷ್ಟು ಪ್ರಶ್ನೆ ಕೇಳುವುದು.

*

ಈ ಗಾಡಿ ಮೈಸೂರಿನದೇ ಮಗು ಎಂದು ಹೊಸಬರಿಗೆ ಹೇಳಬೇಕಾಗಿ ಬಂದಿದೆ. ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಮೂಲ ಮಾತ್ರ ಚೆಕೊಸ್ಲೊವಾಕಿಯಾದ್ದು. ಜಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಬೈಕಿನ ಹಕ್ಕು ಕೊಂಡು, ಎರಡು ಹೆಸರುಗಳ ಮೊದಲಕ್ಷರ ಜೋಡಿಸಿ ಜಾವಾ ಎಂದ. ಇಲ್ಲಿ ಎಪ್ಪತ್ತರ ದಶಕದಲ್ಲಿ ಅದೇ ವಂಶ ಯಜ್ದಿ ಎಂಬ ಹೆಸರಿಗೆ ತಿರುಗಿತು. 250 ಸಿಸಿ, ಒಂದೇ ಸಿಲಿಂಡರ್, ಟೂ ಸ್ಟ್ರೋಕ್, ಆದರೂ ಎರಡು ಸೈಲೆನ್ಸರ್. ಜಿಕೋವ್ ಕಾರ್ಬೊರೇಟರ್. ಆರು ವೋಲ್ಟಿನ ಬ್ಯಾಟರಿ.

ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ವಾಪಸ್ ತಂದರೆ ಗೇರ್. ಗೊತ್ತಿಲ್ಲದವರು ಗಾಡಿಯ ಎರಡೂ ಬದಿ ಸುತ್ತಿ ಕಿಕ್ಕರ್ ಹುಡುಕುವುದು ಶೆಡ್ಡಿನ ಖಾಯಂ ಮನರಂಜನೆ.

*

ಸ್ಟಾರ್ಟ್ ಮಾಡುವ ಕ್ರಮವನ್ನು ಮೇಸ್ತ್ರಿಯ ಕೈ ನೋಡಿಯೇ ಕಲಿಯಬೇಕು, ಬಾಯಲ್ಲಿ ಹೇಳುವ ಜಾಯಮಾನ ಅವರದಲ್ಲ. ಮೊದಲು ಪೆಟ್ರೋಲ್ ಕಾಕ್ ತೆರೆಯುತ್ತಾರೆ. ಕಾರ್ಬೊರೇಟರ್ ಮೇಲಿನ ಟಿಕ್ಲರ್ ಎಂಬ ಪುಟ್ಟ ಗುಂಡಿಯನ್ನು ಒತ್ತುತ್ತಾರೆ. ಅದು ಒಳಗಿನ ಫ್ಲೋಟನ್ನು ಕೆಳಕ್ಕೆ ಅದುಮುತ್ತದೆ, ಪೆಟ್ರೋಲ್ ಮಟ್ಟ ಮೇಲೇರುತ್ತದೆ. ಬೆರಳಿಗೆ ತಂಪು ತಗುಲಿದ ಕೂಡಲೇ ಬಿಡುತ್ತಾರೆ. ಕೀ ಹಾಕದೆ ಒಂದೆರಡು ಸಲ ನಿಧಾನವಾಗಿ ಕಿಕ್ ತುಳಿಯುತ್ತಾರೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗದೆ ಮೊದಲು ಕ್ರ್ಯಾಂಕ್ ಕೇಸಿಗೆ ಹೋಗಿ ಅಲ್ಲಿಂದ ಮೇಲೇರಬೇಕು. ಆ ದಾರಿ ಒದ್ದೆಯಾಗಲಿ ಎಂದು ಈ ತುಳಿತ. ಆಮೇಲೆ ಕೀ ತಿರುಗಿಸಿ, ಹೆಡ್‌ಲೈಟಿನ ಗೂಡಿನಲ್ಲಿ ಕೆಂಪು ದೀಪ ಹತ್ತಿತೇ ಎಂದು ಒಂದು ಕಣ್ಣು ಹಾಯಿಸಿ, ಒಂದೇ ಗಟ್ಟಿ ಕಿಕ್.

ಬೆಂಗಳೂರಿನಿಂದ ತಾತನ ಗಾಡಿ ತಂದಿದ್ದ ಹುಡುಗನೊಬ್ಬ ಇದೆಲ್ಲ ಇಲ್ಲದೆ ಬೆವರು ಹರಿಯುವಷ್ಟು ಕಿಕ್ ಹೊಡೆಯುತ್ತಿದ್ದ. ಮೇಸ್ತ್ರಿ ಬೀಡಿ ಆರಿಸಿ ದೂರ ಎಸೆದು ಬಂದು, "ನಿಲ್ಸಪ್ಪಾ. ಇನ್ನೂ ಹೊಡುದ್ರೆ ನಿನ್ ಕಾಲೇ ಸೀಜ್ ಆಗೋದು. ಪ್ಲಗ್ ಬಿಚ್ಚು ಮೊದ್ಲು" ಅಂದರು.

*

ಪ್ಲಗ್. ಸುಳ್ಳು ಹೇಳದ ಸಾಕ್ಷಿ ಇದೊಂದೇ ಎಂದು ನನಗೀಗ ಅನ್ನಿಸುತ್ತಿದೆ. ಸಾಕಷ್ಟು ಕಿಕ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಮೇಲೆ ಬಂದೇ ಇಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಬೆಂಕಿ ಬಂದಿಲ್ಲ. ವಿಚಾರಣೆ ಇಲ್ಲೇ ಎರಡು ದಾರಿಯಾಗುತ್ತದೆ. ಒದ್ದೆ ಪ್ಲಗ್ ಕೈಯಲ್ಲಿ ಹಿಡಿದುಕೊಂಡೇ ಕಾರ್ಬೊರೇಟರ್ ಬಿಚ್ಚಲು ಹೋಗುವವರನ್ನು ನೋಡಿದ್ದೇನೆ. ಅದು ನನಗೆ ಇಂದಿಗೂ ಅರ್ಥವಾಗದ ನಡವಳಿಕೆ.

ಚೆನ್ನಾಗಿ ಓಡುವ ಗಾಡಿಯ ಪ್ಲಗ್ಗಿನ ತುದಿ ಹುರಿದ ಕಾಫಿಪುಡಿಯ ಬಣ್ಣಕ್ಕಿರುತ್ತದೆ. ಕಪ್ಪಗೆ ಜಿಡ್ಡು ಕಟ್ಟಿದ್ದರೆ ಪೆಟ್ರೋಲೋ ಆಯಿಲ್ಲೋ ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚು, ಅಥವಾ ಟೈಮಿಂಗ್ ಮುಂದಿದೆ. ಟೂ ಸ್ಟ್ರೋಕಿನಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಚೇಷ್ಟೆ ಇದೆ. ಕಾರ್ಬನ್ನಿನ ಒಂದು ಎಳೆ ಪ್ಲಗ್ಗಿನ ಎರಡು ತುದಿಗಳ ನಡುವೆ ಸೇತುವೆ ಕಟ್ಟಿಬಿಡುತ್ತದೆ. ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚಿರುವ ಸಂದಿಗೆ ಒಂದು ಕೂದಲೆಳೆ ಸಾಕು. ಚೆನ್ನಾಗಿ ಓಡುತ್ತಿದ್ದ ಗಾಡಿ ಪಟ್ಟನೆ ನಿಲ್ಲುತ್ತದೆ. ಉಗುರಲ್ಲಿ ಕೆರೆದು ಹಾಕಿದರೆ ಓಡುತ್ತದೆ. ಓಡಿಸುವವನು ಅಷ್ಟರಲ್ಲಿ ಕಾರ್ಬೊರೇಟರನ್ನು ಒಂದು ಸುತ್ತು ಬೈದು ಮುಗಿಸಿರುತ್ತಾನೆ.

*

ನನ್ನ ಪುಸ್ತಕದಲ್ಲಿ ಹೆಚ್ಚು ಜಾಗ ತಿಂದ ಒಗಟು ಇದು. ಗಾಡಿ ಬೆಳಿಗ್ಗೆ ಮೊದಲ ಕಿಕ್ಕಿಗೇ ಸ್ಟಾರ್ಟ್. ನಂಜನಗೂಡು ರಸ್ತೆಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಹೋಗುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ, ನಿಲ್ಲುತ್ತದೆ. ಮರದ ನೆರಳಲ್ಲಿ ಕೂತು ಒಂದು ಎಳನೀರು ಕುಡಿದು ಬಂದರೆ ಮತ್ತೆ ಸ್ಟಾರ್ಟ್. ಮತ್ತೆ ಅಷ್ಟೇ ದೂರ.

ಈ ಒಂದೇ ಲಕ್ಷಣಕ್ಕೆ ಕನಿಷ್ಠ ಮೂರು ಕಾಯಿಲೆಗಳಿವೆ, ಮೂರಕ್ಕೂ ಒಂದಕ್ಕೊಂದು ಸಂಬಂಧವಿಲ್ಲ.

ಒಂದು, ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಇರುವ ಸಣ್ಣ ತೂತು ಮುಚ್ಚಿಹೋಗಿರುವುದು. ಪೆಟ್ರೋಲ್ ಕೆಳಗಿಳಿದಂತೆ ಅದರ ಜಾಗಕ್ಕೆ ಗಾಳಿ ಒಳಬರಬೇಕು. ಬರದಿದ್ದರೆ ಟ್ಯಾಂಕಿನಲ್ಲಿ ಎಳೆತ ಹುಟ್ಟಿ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಎಳನೀರು ಕುಡಿಯುವಷ್ಟರಲ್ಲಿ ಹೇಗೋ ಸಂದಿಯಿಂದ ಗಾಳಿ ನುಸುಳಿ ಸರಿಹೋಗುತ್ತದೆ. ಪಾಲಿಶ್ ಹಾಕಿ ಹಾಕಿ ಆ ತೂತು ಮುಚ್ಚಿಸುವವರೇ ಹೆಚ್ಚು. ಅತಿ ಪ್ರೀತಿಯಿಂದ ಕೆಡುವ ಗಾಡಿಗಳ ಪಟ್ಟಿ ಮಾಡಿದರೆ ಇದು ಮೊದಲು ಬರುತ್ತದೆ.

ಎರಡು, ಕಂಡೆನ್ಸರ್. ಬಿಸಿಯಾದಾಗ ಸೋಲುತ್ತದೆ, ತಣ್ಣಗಾದಾಗ ಚೇತರಿಸಿಕೊಳ್ಳುತ್ತದೆ. ಇಗ್ನಿಷನ್ ಕಾಯಿಲ್ ಕೂಡ ಹೀಗೆಯೇ ಆಡುತ್ತದೆ.

ಮೂರು, ಕಾಕ್ ಒಳಗಿನ ಜಾಲರಿಗೆ ಟ್ಯಾಂಕಿನ ತುಕ್ಕು ಬಂದು ಅಂಟಿಕೊಳ್ಳುವುದು. ಗಾಡಿ ಓಡುವಾಗ ಪೆಟ್ರೋಲ್ ಎಳೆತಕ್ಕೆ ತುಕ್ಕಿನ ಪುಡಿ ಜಾಲರಿಗೆ ಬಡಿಯುತ್ತದೆ, ನಿಂತ ಮೇಲೆ ಉದುರುತ್ತದೆ.

ಯಾವುದೆಂದು ಗೊತ್ತಾಗುವುದು ಹೇಗೆ? ಎಳನೀರು ಕುಡಿಯಬಾರದು, ಅಷ್ಟೇ. ನಿಂತ ಕ್ಷಣದಲ್ಲೇ, ಗಾಡಿ ಬಿಸಿ ಇರುವಾಗಲೇ ನೋಡಬೇಕು. ಮುಚ್ಚಳ ತೆಗೆದಾಗ ಉಸ್ಸೆಂದು ಗಾಳಿ ಒಳಕ್ಕೆ ಎಳೆದುಕೊಂಡರೆ ಮೊದಲನೆಯದು. ಪೈಪ್ ಕಳಚಿ ಸೀಸೆಗೆ ಹಿಡಿದಾಗ ಪೆಟ್ರೋಲ್ ಧಾರೆಯಾಗಿ ಬೀಳದೆ ತೊಟ್ಟಿಕ್ಕಿದರೆ ಮೂರನೆಯದು. ಇವೆರಡೂ ಸರಿ ಇದ್ದರೆ ಕರೆಂಟಿನ ಕಡೆ ತಿರುಗಬೇಕು. ಜನ ಮಾಡುವುದು ಇದಕ್ಕೆ ತದ್ವಿರುದ್ಧ. ತಣ್ಣಗಾದ ಗಾಡಿಯನ್ನು ಆಟೋದಲ್ಲಿ ಹಾಕಿಕೊಂಡು ಶೆಡ್ಡಿಗೆ ಬರುತ್ತಾರೆ. ಇಲ್ಲಿ ಅದು ಮೊದಲ ಕಿಕ್ಕಿಗೇ ಶುರುವಾಗಿ ಅವರ ಮರ್ಯಾದೆ ತೆಗೆಯುತ್ತದೆ.

*

ಕಂಡೆನ್ಸರ್ ಸತ್ತದ್ದನ್ನು ಕಣ್ಣಾರೆ ನೋಡಿದೆ. ಬಲಗಡೆಯ ಕವರ್ ತೆಗೆದರೆ ಡೈನಮೋ, ಅಲ್ಲೇ ಪಾಯಿಂಟ್. ಎರಡು ಪುಟ್ಟ ಲೋಹದ ಗುಂಡಿಗಳು ಕ್ರ್ಯಾಂಕ್ ತಿರುಗಿದಂತೆ ಕೂಡುತ್ತವೆ, ಬಿಡುತ್ತವೆ. ಬಿಟ್ಟಾಗಿನ ಸಂದಿ ಸುಮಾರು 0.4 ಮಿಲಿಮೀಟರ್ ಇರಬೇಕು. ಬಿಡುವ ಆ ಗಳಿಗೆಯಲ್ಲಿ ಕಾಯಿಲಿನಿಂದ ಪ್ಲಗ್ಗಿಗೆ ಸಾವಿರಾರು ವೋಲ್ಟ್ ಹಾರಬೇಕು. ಪಾಯಿಂಟಿನಲ್ಲೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ತಡೆಯುವುದು ಕಂಡೆನ್ಸರ್ ಕೆಲಸ.

ಮೇಸ್ತ್ರಿ ಶೆಡ್ಡಿನ ಬಾಗಿಲು ಅರ್ಧ ಎಳೆದು ಕತ್ತಲೆ ಮಾಡಿ, "ಈಗ ನೋಡಿ ಸಾರ್" ಎಂದು ಕಿಕ್ ತುಳಿದರು. ಪಾಯಿಂಟ್ ನಡುವೆ ನೀಲಿ ಬಿಳಿ ಕಿಡಿ ಚಿಟಚಿಟ ಎಂದಿತು. ಗುಂಡಿಗಳ ಮೈ ಸುಟ್ಟು ಬೂದು ಬಣ್ಣಕ್ಕೆ ತಿರುಗಿತ್ತು, ಒಂದರಲ್ಲಿ ಗುಳಿ, ಇನ್ನೊಂದರಲ್ಲಿ ದಿಬ್ಬ. ಹೊಸ ಕಂಡೆನ್ಸರ್ ಹಾಕಿ, ಪಾಯಿಂಟನ್ನು ಸಣ್ಣ ಅರದಲ್ಲಿ ಎರಡೆಳೆ ತೀಡಿ, ಮತ್ತೆ ತುಳಿದರು. ಪಾಯಿಂಟಿನಲ್ಲಿ ಕಿಡಿ ಕಂಡೂ ಕಾಣದಷ್ಟಾಯಿತು. ಪ್ಲಗ್ಗಿನಲ್ಲಿ ಟಪ್ ಟಪ್ ಎಂಬ ಸದ್ದೇ ಕೇಳಿಸಿತು.

ಹೊಸದನ್ನು ಅವರು ಹಳೆಯದರ ಜಾಗದಲ್ಲಿ ಹಾಕಲಿಲ್ಲ. ವೈರ್ ಉದ್ದ ಮಾಡಿ ಟ್ಯಾಂಕಿನ ಕೆಳಗೆ, ಗಾಳಿ ಆಡುವ ಕಡೆ ಕಟ್ಟಿದರು. "ಇಂಜಿನ್ ಬಿಸಿ ತಾಕೋ ಕಡೆ ಯಾಕಿಡಬೇಕು ಅದ್ನ?" ಎಂಬ ಅವರ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾದವಗಿರಿಯಲ್ಲೀಗ ಇಲ್ಲ.

*

ಹಾಗಾದರೆ ಕಾರ್ಬೊರೇಟರ್ ಪೂರಾ ನಿರಪರಾಧಿಯೇ? ಇಲ್ಲ. ಅದರದ್ದೂ ಲೆಕ್ಕ ಇದೆ.

ಓವರ್‌ಫ್ಲೋ ಆಗುತ್ತಿದ್ದ ಒಂದು ಗಾಡಿಗೆ ಸೂಜಿ ಬದಲಿಸಿದ್ದರು, ಸೂಜಿ ಕೂರುವ ಜಾಗ ತೀಡಿದ್ದರು, ಪೆಟ್ರೋಲ್ ಸೋರುತ್ತಲೇ ಇತ್ತು. ಮೇಸ್ತ್ರಿ ಹಿತ್ತಾಳೆಯ ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಪಕ್ಕದ ಹೋಟೆಲಿನಿಂದ ಒಂದು ಲೋಟ ಬಿಸಿನೀರು ತರಿಸಿ, ಶೆಡ್ಡಿನಾಚೆ ಕಟ್ಟೆಯ ಮೇಲಿಟ್ಟು ಅದರಲ್ಲಿ ಫ್ಲೋಟನ್ನು ಅದುಮಿ ಹಿಡಿದರು. ಬೆಸುಗೆಯ ಅಂಚಿನಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಹೊರಟವು. ಒಳಗಿನ ಗಾಳಿ ಬಿಸಿಗೆ ಹಿಗ್ಗಿ ತೂತಿನ ವಿಳಾಸ ಹೇಳಿಬಿಟ್ಟಿತ್ತು. ಒಳಗೆ ಪೆಟ್ರೋಲ್ ಸೇರಿ ಭಾರವಾದ ಫ್ಲೋಟ್ ತೇಲುವುದಿಲ್ಲ, ತೇಲದಿದ್ದರೆ ಸೂಜಿ ಮುಚ್ಚುವುದಿಲ್ಲ. ಅದು ಪೂರಾ ಖಾಲಿಯಾಗಿ ಆವಿ ಹೋಗುವವರೆಗೆ ಬೆಸುಗೆಯ ಹತ್ತಿರ ಸುಳಿಯಬಾರದು. ಬೆಸುಗೆಯೂ ತೆಳ್ಳಗಿರಬೇಕು, ದಪ್ಪವಾದರೆ ಫ್ಲೋಟಿನ ತೂಕ ಹೆಚ್ಚಿ ಮಟ್ಟವೇ ಬದಲಾಗುತ್ತದೆ.

ಲೋಟವನ್ನು ಹೋಟೆಲಿಗೆ ವಾಪಸ್ ಕೊಡಲಿಲ್ಲ ಎಂಬುದನ್ನೂ ದಾಖಲಿಸುತ್ತೇನೆ.

*

ಕಾರ್ಬೊರೇಟರಿನ ತಕರಾರು ಎಲ್ಲಿದೆ ಎಂದು ತಿಳಿಯಲು ಮೇಸ್ತ್ರಿ ಆಕ್ಸಿಲರೇಟರ್ ಗ್ರಿಪ್ಪಿಗೆ ಟೇಪ್ ಸುತ್ತಿ ಗೆರೆ ಹಾಕುತ್ತಾರೆ: ಕಾಲು, ಅರ್ಧ, ಮುಕ್ಕಾಲು. ಐಡ್ಲಿಂಗ್‌ನಲ್ಲಿ ತೊಂದರೆಯಾದರೆ ಸ್ಲೋ ಜೆಟ್ ಮತ್ತು ಏರ್ ಸ್ಕ್ರೂ. ಕಾಲರಿಂದ ಮುಕ್ಕಾಲರವರೆಗೆ ತೊಂದರೆಯಾದರೆ ಸ್ಲೈಡಿನಲ್ಲಿ ನೇತಾಡುವ ಸೂಜಿ. ಪೂರಾ ತಿರುಗಿಸಿದಾಗ ಎಳೆಯದಿದ್ದರೆ ಮೇನ್ ಜೆಟ್. ವೇಗ ಎಷ್ಟಿತ್ತು, ಯಾವ ಗೇರಿನಲ್ಲಿತ್ತು ಎಂದೆಲ್ಲ ಗಿರಾಕಿ ವರ್ಣಿಸಿದರೆ ಅವರು ಕೇಳಿಸಿಕೊಳ್ಳುವುದೇ ಇಲ್ಲ. "ಗೆರೆ ಎಲ್ಲಿತ್ತು ಹೇಳಿ."

ತಲೆಕೆಳಗು ಅನ್ನಿಸುವ ಸಂಗತಿಗಳನ್ನು ಬೇರೆ ಪುಟದಲ್ಲಿ ಬರೆದುಕೊಂಡಿದ್ದೇನೆ. ಸೂಜಿಯ ಕ್ಲಿಪ್ಪನ್ನು ಕೆಳಗಿನ ಕಚ್ಚಿಗೆ ಇಳಿಸಿದರೆ ಸೂಜಿ ಮೇಲೇರುತ್ತದೆ, ಪೆಟ್ರೋಲ್ ಹೆಚ್ಚಾಗುತ್ತದೆ. ಏರ್ ಸ್ಕ್ರೂ ಬಿಗಿ ಮಾಡಿದರೆ ಕಡಿಮೆಯಾಗುವುದು ಗಾಳಿ, ಪೆಟ್ರೋಲ್ ಅಲ್ಲ. ಎಲ್ಲಕ್ಕಿಂತ ವಿಚಿತ್ರವಾದದ್ದು ಆಯಿಲ್ ಲೆಕ್ಕ. ಇಂಜಿನ್ ಸೀಜ್ ಆಗದಿರಲಿ ಎಂಬ ಭಯಕ್ಕೆ ಕೆಲವರು ಪೆಟ್ರೋಲಿಗೆ ಹೇಳಿದ್ದಕ್ಕಿಂತ ಹೆಚ್ಚು ಟೂ-ಟಿ ಆಯಿಲ್ ಸುರಿಯುತ್ತಾರೆ. ಜೆಟ್ಟಿನ ತೂತು ಅಷ್ಟೇ ಇದೆ. ಅದರಲ್ಲಿ ಆಯಿಲ್ ಹೆಚ್ಚು ಹೋದರೆ ಪೆಟ್ರೋಲ್ ಅಷ್ಟು ಕಡಿಮೆ ಹೋಗುತ್ತದೆ. ಅಂದರೆ ಗಾಳಿಯ ಪಾಲು ಹೆಚ್ಚಿ, ಯಾವ ಬಿಸಿಗೆ ಹೆದರಿದ್ದರೋ ಅದೇ ಬಿಸಿ ಹೆಚ್ಚುತ್ತದೆ. ಇದನ್ನು ನಾನು ಅನೇಕರಿಗೆ ವಿವರಿಸಿದ್ದೇನೆ, ನಂಬಿದವರು ಕಡಿಮೆ.

*

ಆರು ತಿಂಗಳು ನಿಂತ ಗಾಡಿ. ಮುಚ್ಚಳ ತೆಗೆದು ನೋಡಿದರೆ ಫ್ಲೋಟ್ ಚೇಂಬರಿನ ತಳದಲ್ಲಿ ಕಂದು ಬಣ್ಣದ ಅಂಟು. ಪೆಟ್ರೋಲ್ ಆರಿ ಹೋಗಿದೆ, ಅದರಲ್ಲಿದ್ದ ಆಯಿಲ್ ಉಳಿದಿದೆ. ಸ್ಲೋ ಜೆಟ್ಟಿನ ಸೂಜಿಮೊನೆಯಷ್ಟು ತೂತು ಮುಚ್ಚಿಹೋಗಲು ಇದಕ್ಕಿಂತ ಹೆಚ್ಚಿಗೆ ಏನೂ ಬೇಡ. ಹಿಂದಿನವರು ಮನೆ ಹತ್ತಿರ ಬರುತ್ತಿದ್ದಂತೆ ಕಾಕ್ ಮುಚ್ಚಿ, ಕಾರ್ಬೊರೇಟರಿನಲ್ಲಿದ್ದದ್ದು ಮುಗಿದು ಗಾಡಿ ತಾನೇ ನಿಲ್ಲುವಂತೆ ಮಾಡುತ್ತಿದ್ದರು. ಜಿಪುಣತನ ಎಂದುಕೊಂಡಿದ್ದವರೂ ಇದ್ದರು. ಅದು ಲೆಕ್ಕಾಚಾರ. ಕಾಕ್ ತೆರೆದೇ ಬಿಟ್ಟರೆ ಇನ್ನೊಂದು ಫಜೀತಿ: ಸವೆದ ಸೂಜಿಯ ಸಂದಿಯಿಂದ ರಾತ್ರಿಯೆಲ್ಲ ಇಳಿದ ಪೆಟ್ರೋಲ್ ಕ್ರ್ಯಾಂಕ್ ಕೇಸಿನಲ್ಲಿ ನಿಂತಿರುತ್ತದೆ. ಬೆಳಿಗ್ಗೆ ಎಷ್ಟು ತುಳಿದರೂ ಪ್ಲಗ್ ಒದ್ದೆ. ಆಗ ಕಾಕ್ ಮುಚ್ಚಿ, ಕೀ ತೆಗೆದು, ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರಾ ಹಿಡಿದು ಆವಿ ಹೋಗುವವರೆಗೆ ತುಳಿದು ಒಣಗಿಸಬೇಕು.

ಜೆಟ್ ತೂತಿಗೆ ಉಕ್ಕಿನ ತಂತಿ ತೂರಿಸುವವರ ಬಗ್ಗೆ ಮೇಸ್ತ್ರಿ ಆಡಿದ ಮಾತು ಇಲ್ಲಿ ಬರೆಯುವಂಥದಲ್ಲ. ಜೆಟ್ ಹಿತ್ತಾಳೆಯದು. ಒಂದು ಸಲ ತೂತು ಅಗಲವಾದರೆ ಅದರ ಮೇಲಿನ ನಂಬರಿಗೆ ಅರ್ಥವಿಲ್ಲ.

*

ಈಗ ಹೊಸ ಗಿರಾಕಿ ಸೇರಿದ್ದಾನೆ, ಎಥನಾಲ್. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಬೆಂಗಳೂರಿನಲ್ಲೇ 2023ರ ಫೆಬ್ರವರಿಯಲ್ಲಿ ಪ್ರಧಾನಿ ಚಾಲನೆ ಕೊಟ್ಟರು. ಹಳೇ ಗಾಡಿಗೆ ಇದರಿಂದ ಏನಾಗುತ್ತದೆ ಎಂಬ ಜಗಳ ಶೆಡ್ಡಿನಲ್ಲಿ ದಿನಾ ಇದೆ. ಲೆಕ್ಕ ಮಾತ್ರ ಸರಳ. ಬರೀ ಪೆಟ್ರೋಲ್ ಒಂದು ಪಾಲು ಪೂರಾ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥನಾಲಿಗೆ 9 ಪಾಲು ಸಾಕು. ಮಿಶ್ರಣಕ್ಕೆ ಸುಮಾರು 13.5. ಅರವತ್ತರ ದಶಕದ ಜೆಟ್ಟಿಗೆ ಇದು ಗೊತ್ತಿಲ್ಲ, ಅದು ಹಳೇ ಲೆಕ್ಕದಲ್ಲೇ ಅಳೆದು ಕೊಡುತ್ತದೆ. ಹೀಗಾಗಿ ಗಾಳಿ ಹೆಚ್ಚಾಗಿ ಪ್ಲಗ್ ಬೆಳ್ಳಗಾಗುತ್ತದೆ. ಸೂಜಿಯನ್ನು ಒಂದು ಕಚ್ಚು ಎತ್ತುವುದು, ಮೇನ್ ಜೆಟ್ಟನ್ನು ಒಂದು ನಂಬರ್ ದೊಡ್ಡದು ಮಾಡುವುದು ಈಗಿನ ರೂಢಿ.

ಎಥನಾಲಿಗೆ ನೀರು ಹೀರುವ ಗುಣವೂ ಇದೆ. ಹೆಚ್ಚು ಕಾಲ ನಿಂತರೆ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ, ಪೆಟ್ರೋಲ್ ಕಾಕ್ ಇರುವುದೂ ತಳದಲ್ಲೇ. ಹಳೇ ರಬ್ಬರ್ ಪೈಪು ಮೆತ್ತಗಾಗುತ್ತದೆ. ಟ್ಯಾಂಕಿನೊಳಗೆ ದಶಕಗಳಿಂದ ಸುಮ್ಮನೆ ಅಂಟಿಕೊಂಡಿದ್ದ ಕೊಳೆ ಬಿಡಿಸಿಕೊಂಡು ಕೆಳಗಿಳಿಯುತ್ತದೆ. ಆಗ ನಿಜವಾಗಿಯೂ ಕಾರ್ಬೊರೇಟರ್ ಕಟ್ಟಿಕೊಳ್ಳುತ್ತದೆ, ತಪ್ಪು ಮಾತ್ರ ಅದರದಲ್ಲ.

*

ಸೈಲೆನ್ಸರ್. ಗಾಡಿ ಸ್ಟಾರ್ಟ್ ಇರುವಾಗ ಮೇಸ್ತ್ರಿ ಹಿಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಕೊಳವೆಗಳಿಂದ ಗೇಣು ದೂರ ಅಂಗೈ ಹಿಡಿದರು. ಎಡಗಡೆ ಗಾಳಿ ಬಡಿಯುತ್ತಿತ್ತು, ಬಲಗಡೆ ಬರೀ ಬೆಚ್ಚಗಿತ್ತು. ಬಲಗಡೆಯ ಒಳಕೊಳವೆ ಎಳೆದು ತೆಗೆದರೆ ತೂತುಗಳೆಲ್ಲ ಡಾಂಬರಿನಂಥ ಕಾರ್ಬನ್ನಿನಿಂದ ಮುಚ್ಚಿಹೋಗಿದ್ದವು. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರುವುದಾದರೂ ಎಲ್ಲಿಂದ? ಆ ಗಾಡಿಯ ಮೇನ್ ಜೆಟ್ ಅಷ್ಟರಲ್ಲಿ ಎರಡು ಕಡೆ ಬದಲಾಗಿತ್ತು.

*

ಆಯಿಲ್ ಸೀಲ್ ವಿಷಯ ಚಿಕ್ಕದಾಗಿ. ಕ್ರ್ಯಾಂಕಿನ ಎಡಗಡೆ ಕ್ಲಚ್ಚು, ಬಲಗಡೆ ಡೈನಮೋ. ಎಡಗಡೆ ಸೀಲ್ ಹೋದರೆ ಗೇರ್ ಆಯಿಲ್ ಒಳಕ್ಕೆಳೆದು ಬಿಳಿ ಹೊಗೆ, ಆಯಿಲ್ ಮಟ್ಟ ಇಳಿಯುತ್ತದೆ. ಬಲಗಡೆಯದು ಹೋದರೆ ಹೊರಗಿನ ಗಾಳಿ ಕಳ್ಳದಾರಿಯಲ್ಲಿ ನುಗ್ಗಿ, ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ರೇಸ್ ಆಗುತ್ತಲೇ ಇರುತ್ತದೆ. ಇದನ್ನು ಐಡ್ಲಿಂಗ್ ಸ್ಕ್ರೂ ತಿರುಗಿಸಿ ಸರಿಮಾಡಲು ಹೊರಟವರನ್ನು ದೇವರೇ ಕಾಪಾಡಬೇಕು. ಕಾರ್ಬೊರೇಟರಿನ ಫ್ಲ್ಯಾಂಜ್ ಅತಿಯಾಗಿ ಬಿಗಿಸಿ ಬಾಗಿದ್ದರೂ ಲಕ್ಷಣ ಇದೇ. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ ಫ್ಲ್ಯಾಂಜನ್ನು ಉಜ್ಜಿದರೆ ಎಲ್ಲಿ ಹೊಳಪು ಬರುತ್ತದೋ ಅದು ಉಬ್ಬು.

*

ಬೆಂಗಳೂರಿನ ಹುಡುಗನ ಗಾಡಿ ಏನಾಯಿತು? ಅವನು ಬರುವ ಮೊದಲೇ ಬೇರೆಲ್ಲೋ ಜಿಕೋವ್ ಕಳಚಿಸಿ, ಈಗಿನ ಯಾವುದೋ ಬೈಕಿನ ಕಾರ್ಬೊರೇಟರ್ ಹಾಕಿಸಿಕೊಂಡಿದ್ದ. ತೊಂದರೆ ಹಾಗೇ ಇತ್ತು. ಅವನ ಪ್ಲಗ್ ಒದ್ದೆಯಾಗಿತ್ತು. ಬಾಗಿಲು ಎಳೆದು ಕತ್ತಲೆ ಮಾಡಿ ಕಿಡಿ ತೋರಿಸಿದ ಗಾಡಿ ಅವನದೇ. "ಹಳೇ ಕಾರ್ಬೇಟರ್ ಎಲ್ಲಪ್ಪಾ?" ಎಂದು ಮೇಸ್ತ್ರಿ ಕೇಳಿದರು. "ಅಲ್ಲೇ ಬಿಟ್ಟು ಬಂದೆ ಅಂಕಲ್, ಇನ್ನೇನು ಉಪಯೋಗ ಇಲ್ಲ ಅಂದ್ರು" ಅಂದ. ಮೇಸ್ತ್ರಿ ಏನೂ ಹೇಳದೆ ಕೈ ಒರೆಸಿಕೊಂಡು ಟೀ ಕುಡಿಯಲು ಹೋದರು.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯಜ್ದಿ ದಿನ. ಅಂದು ಗಾಡಿ ಹೊರಗೆ ತೆಗೆಯಬೇಕೆಂದಿರುವವರು ಜೂನ್‌ನಲ್ಲೇ ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ, ಪಾಯಿಂಟ್ ನೋಡಿಸಿ, ಒಂದು ಕಂಡೆನ್ಸರ್, ಒಂದು ಪ್ಲಗ್ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ, ಅಟ್ಟದ ಮೇಲೆ, ಹಳೇ ಜಿಕೋವ್ ಇದ್ದರೆ ಸವೆದಿದೆಯೆಂದು ಗುಜರಿಗೆ ಹಾಕಬೇಡಿ. ಯಾದವಗಿರಿಯ ಕಾರ್ಖಾನೆಯ ಬಾಗಿಲು ಮುಚ್ಚಿದೆ. ಸವೆದ ಸ್ಲೈಡಿಗೆ ಹೊಸ ಸ್ಲೀವ್ ಕೂರಿಸಿ ಬಾಡಿ ಉಳಿಸಿಕೊಡಬಲ್ಲ ಲೇತ್ ಕೆಲಸಗಾರರು ಇನ್ನೂ ಇದ್ದಾರೆ.